ಒಂದೇ ಕಾಲಿನಲ್ಲಿ ದೇಶದುದ್ದಕ್ಕೂ ಓಡಿದ ಹುಡುಗ: ಟೆರ್ರಿ ಫಾಕ್ಸ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನಾನು ಮೊದಲು ಹಿಂಜರಿದೆ. ಸೀಟಿ ಊದುವುದು, ಅಂಕಣಕ್ಕೆ ಸುಣ್ಣದ ಗೆರೆ ಹಾಕಿಸುವುದು, ಆಗಸ್ಟ್ 15ಕ್ಕೆ ಕವಾಯತು ಮಾಡಿಸುವುದು, ಇಷ್ಟರಲ್ಲೇ ನನ್ನ ಸೇವೆಯ ವರ್ಷಗಳು ಕಳೆದವು. ಬರವಣಿಗೆ ಕನ್ನಡ ಪಂಡಿತರ ಕೆಲಸವೆಂದು ತಿಳಿದವನು ನಾನು. ಆದರೂ ಒಪ್ಪಿಕೊಂಡೆ. ಏಕೆಂದರೆ ಈ ಶಾಲೆಯ ಮಕ್ಕಳಿಗೆ ನಾನು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಒಂದು ಕಥೆ ಇದೆ. ನಮ್ಮ ಕಡೆಯ ಮಳೆಗಾಲ ಎಂಥದೆಂದು ನಿಮಗೆಲ್ಲ ಗೊತ್ತು. ಜೂನ್ ತಿಂಗಳಲ್ಲಿ ಹಿಡಿದರೆ ಮೈದಾನದಲ್ಲಿ ಕಾಲಿಡುವ ಹಾಗಿಲ್ಲ. ಆಟದ ಪಿರಿಯಡ್ಡನ್ನು ತರಗತಿಯೊಳಗೇ ಕಳೆಯಬೇಕು. ಹಾಗೆ ಹೆಂಚಿನ ಮೇಲೆ ಮಳೆ ಸುರಿಯುವ ಮಧ್ಯಾಹ್ನಗಳಲ್ಲಿ ಮಕ್ಕಳು ಕೇಳಿ ಕೇಳಿ ಹೇಳಿಸಿಕೊಂಡ ಕಥೆ ಇದು. ಹಳೆಯ ವಿದ್ಯಾರ್ಥಿಗಳು ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದರೆ ಇಂದಿಗೂ ಆ ಒಂಟಿ ಕಾಲಿನ ಹುಡುಗನನ್ನು ನೆನಪಿಸುತ್ತಾರೆ. ಆಗ ಗಂಟೆ ಹೊಡೆಯುವ ಮೊದಲು ಮುಗಿಸಬೇಕೆಂದು ಅರ್ಧಂಬರ್ಧ ಹೇಳುತ್ತಿದ್ದುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹುಡುಗನ ಹೆಸರು ಟೆರೆನ್ಸ್ ಸ್ಟ್ಯಾನ್ಲಿ ಫಾಕ್ಸ್. ಮನೆಯವರಿಗೂ ಮುಂದೆ ಇಡೀ ಜಗತ್ತಿಗೂ ಅವನು ಟೆರ್ರಿ. ಹುಟ್ಟಿದ್ದು 1958ರ ಜುಲೈ 28ರಂದು, ಕೆನಡಾ ದೇಶದ ವಿನ್ನಿಪೆಗ್ ನಗರದಲ್ಲಿ. ತಂದೆ ರೋಲಂಡ್ ರೈಲ್ವೆಯ ನೌಕರರು, ಹಳಿ ಬದಲಿಸುವ ಕೆಲಸ. ತಾಯಿ ಬೆಟ್ಟಿ. ಅಣ್ಣ, ತಮ್ಮ, ತಂಗಿ ಸೇರಿ ಮನೆಯಲ್ಲಿ ನಾಲ್ಕು ಮಕ್ಕಳು. ಶ್ರೀಮಂತರಲ್ಲ, ತೀರಾ ಬಡವರೂ ಅಲ್ಲ. ಟೆರ್ರಿಗೆ ಎಂಟು ವರ್ಷವಾದಾಗ ಸಂಸಾರ ದೇಶದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಬಂತು. 1968ರಲ್ಲಿ ಪೋರ್ಟ್ ಕೊಕ್ವಿಟ್ಲಂ ಎಂಬ ಊರಿನಲ್ಲಿ ನೆಲೆಸಿತು. ಹಿಡಿದ ಪಟ್ಟು ಬಿಡದ ಸ್ವಭಾವ ಈ ಮನೆಯ ಎಲ್ಲರದೂ ಆಗಿತ್ತು. ಆಟದಲ್ಲಿ ಅಪ್ಪನಾದರೂ ಸರಿ, ಮಗನಾದರೂ ಸರಿ, ಸೋಲಲು ಯಾರೂ ಒಪ್ಪುತ್ತಿರಲಿಲ್ಲ.

ಟೆರ್ರಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಆದರೆ ಎಂಟನೆಯ ತರಗತಿಗೆ ಬಂದಾಗ ಅವನ ಎತ್ತರ ಸುಮಾರು ಐದು ಅಡಿ ಮಾತ್ರ. ಚೆಂಡನ್ನು ಹಿಡಿತದಲ್ಲಿಟ್ಟುಕೊಳ್ಳುವುದೂ ಅಷ್ಟಕ್ಕಷ್ಟೆ. ದೈಹಿಕ ಶಿಕ್ಷಣದ ಮೇಷ್ಟ್ರು ಇವನನ್ನು ನೋಡಿ, ಈ ಹುಡುಗನಿಗೆ ದೂರದ ಓಟವೇ ಸರಿ ಎಂದು ಸಲಹೆ ಕೊಟ್ಟರು. ಓಟ ಅವನಿಗೆ ಇಷ್ಟವಿರಲಿಲ್ಲ. ಆದರೂ ಮೇಷ್ಟ್ರ ಮೇಲಿನ ಗೌರವಕ್ಕೆ ಓಡಿದ. ಜೊತೆಗೆ ಬ್ಯಾಸ್ಕೆಟ್‌ಬಾಲ್ ಅಭ್ಯಾಸಕ್ಕೂ ಬಿಡದೆ ಬಂದ. ಆ ವರ್ಷ ಇಡೀ ಋತುವಿನಲ್ಲಿ ಅವನನ್ನು ಆಟಕ್ಕಿಳಿಸಿದ್ದು ಒಂದೇ ಒಂದು ನಿಮಿಷ. ಬೇರೆ ಹುಡುಗರಾದರೆ ಬಿಟ್ಟು ಹೋಗುತ್ತಿದ್ದರು. ಇವನು ಬೇಸಿಗೆ ರಜೆಯೆಲ್ಲ ಅಭ್ಯಾಸ ಮಾಡಿದ. ಮುಂದಿನ ವರ್ಷಗಳಲ್ಲಿ ಅಂಕಣಕ್ಕಿಳಿಯುವ ಐವರಲ್ಲಿ ಒಬ್ಬನಾದ. ಹೈಸ್ಕೂಲಿನ ಕೊನೆಯ ವರ್ಷ, ಶಾಲೆಯ ಉತ್ತಮ ಕ್ರೀಡಾಪಟು ಪ್ರಶಸ್ತಿಯನ್ನು ಗೆಳೆಯ ಡಗ್ ಆಲ್ವರ್ಡ್‌ನೊಂದಿಗೆ ಹಂಚಿಕೊಂಡ. ಈ ಡಗ್‌ನ ಹೆಸರನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮುಂದೆ ಬರುತ್ತಾನೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಗಿಡ್ಡ ಹುಡುಗ ಕಬಡ್ಡಿ ತಂಡಕ್ಕೆ ಸೇರಿಸಿಕೊಳ್ಳಿ ಎಂದು ದಿನವೂ ಬಂದು ನಿಲ್ಲುತ್ತಿದ್ದ. ಗಟ್ಟಿಮುಟ್ಟಾದ ಏಳು ಜನ ನನಗೆ ಸಿಕ್ಕಿದ್ದರು. ಇವನನ್ನು ನೀರು ಕೊಡುವುದಕ್ಕೆ, ಅಂಕ ಬರೆಯುವುದಕ್ಕೆ ಇಟ್ಟುಕೊಂಡೆ. ಮೂರು ವರ್ಷವೂ ಅವನು ಅಂಕವನ್ನೇ ಬರೆದ. ಟೆರ್ರಿಗೆ ಸಿಕ್ಕ ಆ ಒಂದು ನಿಮಿಷವನ್ನೂ ನಾನು ಅವನಿಗೆ ಕೊಡಲಿಲ್ಲ. ಈ ಕಥೆ ಓದಿದ ಮೇಲೆ ಆ ಹುಡುಗನ ಮುಖ ನನ್ನನ್ನು ಬಿಟ್ಟಿಲ್ಲ. ಆಮೇಲೆ ನಾನು ಕಟ್ಟಿದ ಪ್ರತಿ ತಂಡದಲ್ಲೂ ಕೊನೆಯ ಹುಡುಗನಿಗೂ ಒಂದು ಸರದಿ ಸಿಗುವಂತೆ ನೋಡಿಕೊಂಡೆ.

ಹೈಸ್ಕೂಲು ಮುಗಿಸಿದ ಟೆರ್ರಿ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯ ಸೇರಿದ. ದೇಹದ ಚಲನೆಯ ಶಾಸ್ತ್ರ ಅವನ ವಿಷಯ. ಮುಂದೆ ದೈಹಿಕ ಶಿಕ್ಷಣದ ಮೇಷ್ಟ್ರಾಗಬೇಕೆಂಬುದು ಅವನ ಆಸೆ. ನನ್ನ ವೃತ್ತಿಯವನೇ ಆಗಬೇಕಾಗಿದ್ದ ಎಂಬ ಕಾರಣಕ್ಕೂ ಇವನ ಮೇಲೆ ನನಗೆ ಒಂದು ಬಗೆಯ ಅಕ್ಕರೆ. ವಿಶ್ವವಿದ್ಯಾಲಯದಲ್ಲೂ ತನಗಿಂತ ಚೆನ್ನಾಗಿ ಆಡುವವರ ನಡುವೆ ಬರೀ ಹಟದಿಂದಲೇ ಕಿರಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದ.

1976ರ ನವೆಂಬರ್ 12ರಂದು ಕಾರು ಓಡಿಸಿಕೊಂಡು ಮನೆಗೆ ಬರುತ್ತಿದ್ದಾಗ ಎದುರಿಗಿದ್ದ ಪಿಕಪ್ ವಾಹನಕ್ಕೆ ಹಿಂದಿನಿಂದ ಡಿಕ್ಕಿ ಹೊಡೆದ. ಕಾರು ನಜ್ಜುಗುಜ್ಜಾಯಿತು. ಇವನಿಗೆ ಬಲ ಮೊಣಕಾಲು ಸ್ವಲ್ಪ ನೋವಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಡಿಸೆಂಬರ್‌ನಲ್ಲಿ ಅದೇ ಮೊಣಕಾಲು ಮತ್ತೆ ನೋಯತೊಡಗಿತು. ಹೇಳಿದರೆ ಆಟದಿಂದ ಹೊರಗಿಡುತ್ತಾರೆಂದು ಬ್ಯಾಸ್ಕೆಟ್‌ಬಾಲ್ ಋತು ಮುಗಿಯುವ ತನಕ ನೋವು ನುಂಗಿಕೊಂಡೇ ಆಡಿದ. 1977ರ ಮಾರ್ಚ್ ಹೊತ್ತಿಗೆ ಕಾಲೂರಲು ಆಗದಂತಾಯಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ತಿಳಿಯಿತು, ಅದು ಆಸ್ಟಿಯೊಸಾರ್ಕೋಮ ಎಂಬ ಮೂಳೆಯ ಕ್ಯಾನ್ಸರ್.

ಈ ರೋಗದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಇದು ಹೆಚ್ಚಾಗಿ ಬರುವುದು ಮೂಳೆ ಭರದಿಂದ ಬೆಳೆಯುವ ಹರೆಯದಲ್ಲಿ, ಅಂದರೆ ಸರಿಯಾಗಿ ನಮ್ಮ ಹೈಸ್ಕೂಲು ಮಕ್ಕಳ ವಯಸ್ಸಿನಲ್ಲಿ. ಬರುವ ಜಾಗ ಹೆಚ್ಚಾಗಿ ಮೊಣಕಾಲಿನ ಸುತ್ತಮುತ್ತ. ಬಿದ್ದು ಪೆಟ್ಟಾದದ್ದರಿಂದಲೇ ಗಡ್ಡೆಯಾಯಿತು ಎಂದು ನಮ್ಮ ಕಡೆ ಹೇಳುವುದುಂಟು. ಆ ಅಪಘಾತದಿಂದಲೇ ತನ್ನ ಮೊಣಕಾಲು ದುರ್ಬಲವಾಯಿತೆಂದು ಟೆರ್ರಿಯೂ ನಂಬಿದ್ದ. ವೈದ್ಯರು ಒಪ್ಪುವುದಿಲ್ಲ. ಪೆಟ್ಟಿನಿಂದ ಈ ಕ್ಯಾನ್ಸರ್ ಹುಟ್ಟುವುದಿಲ್ಲ. ಪೆಟ್ಟಿನ ನೆಪದಲ್ಲಿ ಇದ್ದದ್ದು ಕಣ್ಣಿಗೆ ಬೀಳುತ್ತದೆ ಅಷ್ಟೆ. ಆಟದಲ್ಲಿ ಉಳುಕಿದ ನೋವು ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಈ ನೋವು ವಾರಗಟ್ಟಲೆ ಬಿಡುವುದಿಲ್ಲ, ರಾತ್ರಿ ಹೆಚ್ಚುತ್ತದೆ, ಜಾಗ ಊದಿಕೊಳ್ಳುತ್ತದೆ. ಮೊಣಕಾಲು ನೋವೆಂದು ಬಂದ ಎಷ್ಟೋ ಮಕ್ಕಳಿಗೆ ಅಮೃತಾಂಜನ ಹಚ್ಚಿ ಓಡು ಎಂದು ಕಳಿಸಿದವನು ನಾನು. ನೂರಕ್ಕೆ ತೊಂಬತ್ತೊಂಬತ್ತು ಸಲಕ್ಕಿಂತಲೂ ಹೆಚ್ಚು ಅದು ಬರೀ ಉಳುಕೇ ಇರುತ್ತದೆ. ಆದರೂ ಎರಡು ಮೂರು ವಾರ ಬಿಡದ ನೋವಿಗೆ ಒಂದು ಎಕ್ಸ್-ರೇ ತೆಗೆಸುವುದರಲ್ಲಿ ತಪ್ಪೇನೂ ಇಲ್ಲ ಎಂದು ಮೇಷ್ಟ್ರುಗಳಿಗೂ ತಂದೆತಾಯಿಗಳಿಗೂ ಹೇಳುತ್ತೇನೆ.

1977ರ ಮಾರ್ಚ್ 9ರಂದು ಟೆರ್ರಿಯ ಬಲಗಾಲನ್ನು ಮೊಣಕಾಲಿನಿಂದ ಸುಮಾರು ಆರು ಅಂಗುಲ ಮೇಲಕ್ಕೆ ಕತ್ತರಿಸಿದರು. ಅವನಿಗಾಗ ಹದಿನೆಂಟು ವರ್ಷ. ಬದುಕುಳಿಯುವ ಸಾಧ್ಯತೆ ನೂರಕ್ಕೆ ಐವತ್ತು ಎಂದು ವೈದ್ಯರು ತಿಳಿಸಿದ್ದರು. ಎರಡೇ ವರ್ಷ ಮುಂಚೆಯಾಗಿದ್ದರೆ ಅದು ನೂರಕ್ಕೆ ಹದಿನೈದು ಮಾತ್ರ ಇತ್ತಂತೆ. ನಡುವಿನ ಆ ಎರಡು ವರ್ಷಗಳಲ್ಲಿ ಹೊಸ ಔಷಧಿಗಳು ಬಂದಿದ್ದವು. ಎಲ್ಲೋ ಯಾರೋ ಕುಳಿತು ಮಾಡಿದ ಸಂಶೋಧನೆಯಿಂದ ತನ್ನ ಜೀವಕ್ಕೆ ಬೆಲೆ ಬಂದಿದೆ ಎಂಬುದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅವನ ಹಳೆಯ ಬ್ಯಾಸ್ಕೆಟ್‌ಬಾಲ್ ತರಬೇತುದಾರರು ಒಂದು ಓಟದ ಪತ್ರಿಕೆಯನ್ನು ತಂದುಕೊಟ್ಟರು. ಕೃತಕ ಕಾಲು ಹಾಕಿಕೊಂಡು ನ್ಯೂಯಾರ್ಕ್ ಮ್ಯಾರಥಾನ್ ಓಟವನ್ನು ಪೂರೈಸಿದ ಡಿಕ್ ಟ್ರಾಮ್ ಎಂಬವರ ವಿಷಯ ಅದರಲ್ಲಿತ್ತು. ಕಾಲು ಕಳೆದುಕೊಳ್ಳಲಿರುವ ಹುಡುಗನಿಗೆ ಹಣ್ಣುಹಂಪಲು ತರುವ ಬದಲು ಒಂದು ದಾರಿಯನ್ನು ತೋರಿಸಿದ ಆ ಗುರುವನ್ನು ನಾನು ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.

ಕೆಲವೇ ವಾರಗಳಲ್ಲಿ ಟೆರ್ರಿ ಕೃತಕ ಕಾಲಿನಲ್ಲಿ ನಡೆಯತೊಡಗಿದ. ಆದರೆ ಹದಿನಾರು ತಿಂಗಳ ಕೀಮೋಥೆರಪಿ ಬಾಕಿಯಿತ್ತು. ಕೂದಲು ಉದುರಿತು, ವಾಂತಿ ಬಿಡಲಿಲ್ಲ. ಇದಕ್ಕಿಂತ ಹೆಚ್ಚು ಅವನನ್ನು ಕಾಡಿದ್ದು ಆ ವಾರ್ಡಿನಲ್ಲಿ ಕಂಡ ಇತರ ರೋಗಿಗಳ ನರಳಾಟ. ತನ್ನ ವಯಸ್ಸಿನವರು, ತನಗಿಂತ ಚಿಕ್ಕವರು ಒಬ್ಬೊಬ್ಬರಾಗಿ ಕಣ್ಣೆದುರೇ ಹೋಗುತ್ತಿದ್ದರು. ತಾನು ಅಲ್ಲಿಂದ ಎದ್ದು ಹೊರಗೆ ಬಂದವನು, ಒಳಗೆ ಉಳಿದವರ ಸಾಲ ತನ್ನ ಮೇಲಿದೆ ಎಂಬ ಭಾವನೆ ಅವನಲ್ಲಿ ಬಲವಾಯಿತು. ಕ್ಯಾನ್ಸರ್ ಸಂಶೋಧನೆಗೆ ದೇಶ ಖರ್ಚು ಮಾಡುವ ಹಣ ಎಷ್ಟು ಕಡಿಮೆ ಎಂದು ತಿಳಿದಾಗ ಸಿಟ್ಟೂ ಬಂತು.

ಆ ದಿನಗಳಲ್ಲಿ ಅವನನ್ನು ಮೇಲೆತ್ತಿದ್ದು ಆಟವೇ. ಚಿಕಿತ್ಸೆ ಇನ್ನೂ ನಡೆಯುತ್ತಿರುವಾಗಲೇ, 1977ರ ಬೇಸಿಗೆಯಲ್ಲಿ, ರಿಕ್ ಹ್ಯಾನ್ಸನ್ ಎಂಬ ಯುವಕ ಇವನನ್ನು ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕರೆದ. ಎಂಟನೆಯ ತರಗತಿಯಲ್ಲಿ ಎತ್ತರ ಸಾಲದೆ ಬೆಂಚಿನ ಮೇಲೆ ಕುಳಿತಿದ್ದವನು ಇಲ್ಲಿ ಕುರ್ಚಿಯಲ್ಲಿ ಕುಳಿತೇ ಆಡಿದ. ಆ ತಂಡದ ಜೊತೆ ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಗಾಲಿ ತಳ್ಳಿ ತಳ್ಳಿ ತೋಳು ಗಟ್ಟಿಯಾದವು, ಮನಸ್ಸೂ ಗಟ್ಟಿಯಾಯಿತು. ಇವನನ್ನು ಕರೆದ ರಿಕ್ ಹ್ಯಾನ್ಸನ್ ಮುಂದೆ 1985ರಿಂದ 1987ರ ತನಕ ಗಾಲಿಕುರ್ಚಿಯಲ್ಲಿ 34 ದೇಶಗಳನ್ನು ಸುತ್ತಿ ಹೆಸರಾದ. ಯಾರು ಯಾರಿಗೆ ಸ್ಫೂರ್ತಿ ಕೊಟ್ಟರೆಂದು ಇಂಥ ಕಡೆ ಹೇಳುವುದು ಕಷ್ಟ.

1979ರ ಆರಂಭದಲ್ಲಿ ಟೆರ್ರಿ ಓಟದ ಅಭ್ಯಾಸ ಶುರುಮಾಡಿದ. ಮೊದಲು ಅರ್ಧ ಮೈಲಿ. ಆಗಿನ ಕೃತಕ ಕಾಲು ನಡೆಯುವುದಕ್ಕೆಂದು ಮಾಡಿದ್ದು, ಓಡುವುದಕ್ಕಲ್ಲ. ನಮಗೆ ಜೈಪುರ ಕಾಲು ಗೊತ್ತು, ಅದೂ ಆ ಕಾಲದ್ದೇ. ಟೆರ್ರಿಯದು ಉಕ್ಕು ಮತ್ತು ಫೈಬರ್‌ಗ್ಲಾಸಿನದು. ಒಳ್ಳೆಯ ಕಾಲಿನಲ್ಲಿ ಎರಡು ಸಲ ಕುಪ್ಪಳಿಸಿದರೆ ಕೃತಕ ಕಾಲು ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಕುಂಟೆಬಿಲ್ಲೆ ಆಡುತ್ತ ಮೈಲಿಗಟ್ಟಲೆ ಹೋದಂತೆ ಎಂದುಕೊಳ್ಳಿ. ಮೊಂಡು ಕಾಲಿನಲ್ಲಿ ಬೊಬ್ಬೆ ಎದ್ದು ರಕ್ತ ಬರುತ್ತಿತ್ತು. ದಿನವೂ ಓಡಿದ. ತಾಯಿ ಕೇಳಿಕೊಂಡರೆಂದು ಕ್ರಿಸ್‌ಮಸ್ ದಿನ ಒಂದು ಬಿಡುವು ಕೊಟ್ಟ. ಹೀಗೆ ಅಭ್ಯಾಸಕ್ಕಾಗಿಯೇ ಐದು ಸಾವಿರ ಕಿಲೋಮೀಟರ್ ಓಡಿದ. 1979ರ ಸೆಪ್ಟೆಂಬರ್ ಮೊದಲ ವಾರ ಪ್ರಿನ್ಸ್ ಜಾರ್ಜ್ ಎಂಬಲ್ಲಿ ನಡೆದ ದೂರದ ಓಟದಲ್ಲಿ ಸೇರಿ ಎಲ್ಲರಿಗಿಂತ ಕೊನೆಯವನಾಗಿ ಬಂದ. ಅವನ ಮುಂದಿನವನು ಮುಟ್ಟಿ ಹತ್ತು ನಿಮಿಷ ಆಗಿತ್ತು. ಆದರೂ ಆ ದಿನ ನೆರೆದವರು ಚಪ್ಪಾಳೆ ತಟ್ಟಿ ಅತ್ತದ್ದು ಕೊನೆಯವನಿಗಾಗಿ.

ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ತನ್ನ ನಿಜವಾದ ಯೋಚನೆಯನ್ನು ತಿಳಿಸಿದ. ಕೆನಡಾದ ಪೂರ್ವ ತುದಿಯಿಂದ ಪಶ್ಚಿಮ ತುದಿಗೆ ಓಡಬೇಕು, ದಾರಿಯುದ್ದಕ್ಕೂ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಬೇಕು. ತಾಯಿಗೆ ಗಾಬರಿಯಾಯಿತು, ಕೋಪವೂ ಬಂತು. ತಂದೆ ಯಾವಾಗ ಹೊರಡುವುದೆಂದು ಮಾತ್ರ ವಿಚಾರಿಸಿದರು. ಅಕ್ಟೋಬರ್‌ನಲ್ಲಿ ಕೆನಡಾ ಕ್ಯಾನ್ಸರ್ ಸಂಸ್ಥೆಗೆ ಪತ್ರ ಬರೆದ. ಅವರಿಗೆ ನಂಬಿಕೆ ಬರಲಿಲ್ಲ. ಖರ್ಚಿಗೆ ದಾನಿಗಳನ್ನು ನೀನೇ ಹುಡುಕಿಕೋ, ವೈದ್ಯರ ಪ್ರಮಾಣಪತ್ರ ತಾ ಎಂದು ಷರತ್ತು ಹಾಕಿದರು. ಪರೀಕ್ಷೆಯಲ್ಲಿ ಅವನ ಹೃದಯ ಸ್ವಲ್ಪ ದೊಡ್ಡದಾಗಿರುವುದು ಕಂಡುಬಂತು. ತೊಂದರೆ ಕಂಡರೆ ಕೂಡಲೇ ನಿಲ್ಲಿಸುವೆನೆಂದು ಮಾತು ಕೊಟ್ಟ ಮೇಲೆ ವೈದ್ಯರು ಒಪ್ಪಿದರು. ವಾಹನ, ಇಂಧನ, ಓಟದ ಬೂಟು ಕೊಡಲು ಕಂಪನಿಗಳು ಮುಂದೆ ಬಂದವು. ತಮ್ಮ ಸರಕಿನ ಜಾಹೀರಾತು ಮಾಡಬೇಕೆಂದು ಕೇಳಿದವರನ್ನೆಲ್ಲ ಟೆರ್ರಿ ದೂರವಿಟ್ಟ. ಈ ಓಟದಿಂದ ಯಾರಿಗೂ ಲಾಭವಾಗಬಾರದು, ತನಗೂ ಕೂಡ ಎಂಬುದು ಅವನ ನಿಯಮವಾಗಿತ್ತು.

1980ರ ಏಪ್ರಿಲ್ 12. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್ ಬಂದರಿನಲ್ಲಿ ಟೆರ್ರಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದಲ್ಲಿ ಅದ್ದಿದ. ಎರಡು ಬಾಟಲಿಗಳಲ್ಲಿ ಸಮುದ್ರದ ನೀರು ತುಂಬಿಕೊಂಡ. ಒಂದು ನೆನಪಿಗೆ, ಇನ್ನೊಂದು ಆಚೆ ತುದಿಯ ಪೆಸಿಫಿಕ್ ಸಾಗರಕ್ಕೆ ಸುರಿಯಲು. ಗಂಗೆಯ ನೀರನ್ನು ರಾಮೇಶ್ವರಕ್ಕೆ ಒಯ್ಯುವ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ವ್ಯಾನು ಓಡಿಸಲು, ಅಡುಗೆ ಮಾಡಲು ಬಂದವನು ಹೈಸ್ಕೂಲಿನ ಗೆಳೆಯ ಡಗ್. ಈ ಓಟಕ್ಕೆ ಇಟ್ಟ ಹೆಸರು ಭರವಸೆಯ ಮ್ಯಾರಥಾನ್.

ದಿನಕ್ಕೆ ಸುಮಾರು 42 ಕಿಲೋಮೀಟರ್ ಗುರಿ. ಕವಲೇದುರ್ಗದಿಂದ ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ಮತ್ತೆ ಐದಾರು ಕಿಲೋಮೀಟರ್ ಓಡಿದಂತೆ. ಇಂದು, ನಾಳೆ, ನಾಡಿದ್ದು, ಹೀಗೆ ಪ್ರತಿದಿನ. ನಸುಕಿನಲ್ಲಿ ಇನ್ನೂ ಕತ್ತಲಿರುವಾಗಲೇ ಏಳುತ್ತಿದ್ದ. ಮೊದಲ ದಿನಗಳಲ್ಲಿ ಬಿರುಗಾಳಿ, ಮಳೆ, ಹಿಮ. ರಸ್ತೆಯಲ್ಲಿ ಜನವಿಲ್ಲ, ಹಣವೂ ಹೆಚ್ಚು ಬರಲಿಲ್ಲ. ನಿರಾಶೆಯಾಗಿದ್ದಾಗ ದ್ವೀಪದ ಕೊನೆಯ ಊರು ಪೋರ್ಟ್ ಓ ಬಾಸ್ಕ್ ಬಂತು. ಹತ್ತು ಸಾವಿರ ಜನರ ಊರು. ಅಲ್ಲಿಯವರು ಹತ್ತು ಸಾವಿರ ಡಾಲರ್ ಕೂಡಿಸಿ ಕೊಟ್ಟರು, ತಲೆಗೊಂದು ಡಾಲರ್. ಟೆರ್ರಿಯ ಮನಸ್ಸಿನಲ್ಲಿ ಆ ಲೆಕ್ಕ ಬೇರೂರಿತು. ಕೆನಡಾದ ಜನಸಂಖ್ಯೆ ಆಗ 2 ಕೋಟಿ 40 ಲಕ್ಷ. ವಿಸ್ತಾರದಲ್ಲಿ ಭಾರತದ ಮೂರು ಪಟ್ಟು, ಜನರಲ್ಲಿ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಪ್ರತಿಯೊಬ್ಬನೂ ಒಂದು ಡಾಲರ್ ಕೊಟ್ಟರೆ 2 ಕೋಟಿ 40 ಲಕ್ಷ ಡಾಲರ್. ಅದೇ ಅವನ ಗುರಿಯಾಯಿತು.

ಟೆರ್ರಿ ದೇವರಾಗಿರಲಿಲ್ಲ, ಇಪ್ಪತ್ತೊಂದು ವರ್ಷದ ಹುಡುಗನಾಗಿದ್ದ. ನೋವು ಮತ್ತು ಆಯಾಸದಿಂದ ಮೂಗಿನ ತುದಿಯಲ್ಲಿ ಕೋಪವಿರುತ್ತಿತ್ತು. ಚಿಕ್ಕ ವ್ಯಾನಿನಲ್ಲಿ ಇಬ್ಬರೇ ಇದ್ದು ಇದ್ದು ಡಗ್‌ನೊಂದಿಗೆ ಜಗಳವಾಗಿ ಮಾತು ನಿಂತಿತು. ತಂದೆತಾಯಿ ಬಂದು ಇಬ್ಬರನ್ನೂ ಕೂರಿಸಿ ಸಮಾಧಾನ ಮಾಡಬೇಕಾಯಿತು. ಆಮೇಲೆ ಹದಿನೇಳು ವರ್ಷದ ತಮ್ಮ ಡ್ಯಾರೆಲ್ ಬಂದು ಸೇರಿದ. ತಮ್ಮನ ತಮಾಷೆಯಿಂದ ವ್ಯಾನಿನೊಳಗೆ ಮತ್ತೆ ನಗು ಬಂತು. ಕ್ವಿಬೆಕ್ ಪ್ರಾಂತ್ಯದಲ್ಲಿ ಭಾಷೆ ಫ್ರೆಂಚ್, ಇವರಿಗೆ ಬಾರದು. ಇವನು ಯಾಕೆ ಓಡುತ್ತಿದ್ದಾನೆಂದೇ ಅಲ್ಲಿ ಹಲವರಿಗೆ ತಿಳಿಯಲಿಲ್ಲ. ಹಾರನ್ ಹೊಡೆದು ರಸ್ತೆಯಿಂದ ಕೆಳಗಿಳಿಸಿದ ವಾಹನಗಳೂ ಇದ್ದವು. ಎಲ್ಲವನ್ನೂ ಸಹಿಸಿಕೊಂಡು ಜೂನ್ 22ಕ್ಕೆ ಮಾಂಟ್ರಿಯಲ್ ತಲುಪಿದ. ಆಗ ದಾರಿಯ ಮೂರನೆಯ ಒಂದು ಭಾಗ ಮುಗಿದಿತ್ತು.

ಇಸಡೋರ್ ಶಾರ್ಪ್ ಎಂಬ ಹೋಟೆಲ್ ಉದ್ಯಮಿಯೊಬ್ಬರ ಮಗ ಸ್ವಲ್ಪ ಮುಂಚೆ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ. ಟೆರ್ರಿಯ ಸುದ್ದಿ ತಿಳಿದು ಅವರು ಮೈಲಿಗೆ ಎರಡು ಡಾಲರ್ ಕೊಡುವುದಾಗಿ ಒಪ್ಪಿ, ಇನ್ನೂ 999 ಕಂಪನಿಗಳು ಅಷ್ಟೇ ಕೊಡುವಂತೆ ಒತ್ತಾಯಿಸಿದರು. ಒಂಟಾರಿಯೊ ಪ್ರಾಂತ್ಯಕ್ಕೆ ಕಾಲಿಟ್ಟಾಗ ವಾದ್ಯದೊಂದಿಗೆ ಸ್ವಾಗತ ಸಿಕ್ಕಿತು. ಜುಲೈ 1ರಂದು ರಾಜಧಾನಿ ಒಟ್ಟಾವದಲ್ಲಿದ್ದ. ಪ್ರಧಾನಿ ಪಿಯರ್ ಟ್ರುಡೊ ಅವರನ್ನು ಭೇಟಿಯಾದ. ಜುಲೈ 11ರಂದು ಟೊರಾಂಟೊ ನಗರದ ಚೌಕದಲ್ಲಿ ಹತ್ತು ಸಾವಿರ ಜನ ಸೇರಿದರು. ಅಂದು ಒಂದೇ ದಿನ ಒಂದು ಲಕ್ಷ ಡಾಲರ್ ಬಂತು. ಮಕ್ಕಳು ತಮ್ಮ ಗೋಲಕ ಒಡೆದು ಚಿಲ್ಲರೆ ತಂದರು. ತನ್ನ 22ನೆಯ ಹುಟ್ಟಿದ ದಿನವೂ ಬಿಡುವು ಮಾಡದೆ ಓಡಿದ. ದಾರಿಯಲ್ಲಿ ಒಂದು ಕಡೆ, ತನ್ನಂತೆಯೇ ಮೂಳೆಯ ಕ್ಯಾನ್ಸರ್‌ನಿಂದ ಕಾಲು ಕಳೆದುಕೊಂಡ ಹತ್ತು ವರ್ಷದ ಬಾಲಕನೊಬ್ಬ ಸೈಕಲ್ ತುಳಿಯುತ್ತ ಇವನ ಹಿಂದೆಯೇ ಮೈಲಿಗಟ್ಟಲೆ ಬಂದ. ಇಡೀ ಓಟದಲ್ಲಿ ತನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದೇ ಎಂದು ಟೆರ್ರಿ ಭಾವಿಸಿದ್ದ.

ಇಷ್ಟೆಲ್ಲ ಮೆಚ್ಚುಗೆಯ ನಡುವೆ ಒಂದು ವಿಷಯ ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ. ಓಟದ ದಿನಗಳಲ್ಲಿ ಅವನು ನಿಯಮಿತ ವೈದ್ಯಕೀಯ ತಪಾಸಣೆಗೆ ಹೋಗುವುದನ್ನು ತಪ್ಪಿಸುತ್ತಿದ್ದ. ತಲೆ ತಿರುಗುತ್ತಿತ್ತು, ಕಾಲಿನ ಮೂಳೆ ನೋಯುತ್ತಿತ್ತು. ನಿಂತರೆ ಮತ್ತೆ ಓಡಲಾರೆನೆಂಬ ಭಯವೋ, ಜನ ಕೊಟ್ಟ ಹಣಕ್ಕೆ ಮೋಸವಾದೀತೆಂಬ ಸಂಕೋಚವೋ. ಹಟ ಅವನನ್ನು ಅಷ್ಟು ದೂರ ಕರೆತಂದಿತು ನಿಜ. ಆದರೆ ತನ್ನ ದೇಹದ ಮಾತನ್ನು ಕೇಳದ ಹಟವನ್ನು ನನ್ನ ಮಕ್ಕಳು ಕಲಿಯಬಾರದು ಎಂದು ಕಥೆ ಹೇಳುವಾಗಲೆಲ್ಲ ಇಲ್ಲಿ ನಿಲ್ಲಿಸಿ ಹೇಳುತ್ತಿದ್ದೆ.

1980ರ ಸೆಪ್ಟೆಂಬರ್ 1. ಥಂಡರ್ ಬೇ ನಗರದ ಹೊರಗೆ ಓಡುತ್ತಿದ್ದಾಗ ಕೆಮ್ಮು ಒತ್ತರಿಸಿ ಬಂದು ಎದೆ ಹಿಂಡಿದಂತಾಯಿತು. ರಸ್ತೆಯ ಬದಿಯಲ್ಲಿ ಜನ ನಿಂತು ಹುರಿದುಂಬಿಸುತ್ತಿದ್ದರು. ಅವರೆದುರು ನಿಲ್ಲಲು ಮನಸ್ಸಾಗದೆ ಜನವಿಲ್ಲದ ಜಾಗದವರೆಗೂ ಓಡಿದ. ಅಲ್ಲಿ ವ್ಯಾನು ಹತ್ತಿ ಆಸ್ಪತ್ರೆಗೆ ಕರೆದೊಯ್ಯಲು ಡಗ್‌ಗೆ ತಿಳಿಸಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 143 ದಿನ, 5,373 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಯ ರಸ್ತೆಗಿಂತಲೂ ದೂರ. ದಾರಿಯ ಮೂರನೆಯ ಎರಡು ಭಾಗ ಮುಗಿದಿತ್ತು. ಅಷ್ಟರಲ್ಲಿ 17 ಲಕ್ಷ ಡಾಲರ್ ಕೂಡಿತ್ತು. ಉಳಿದ ದಾರಿಯನ್ನು ತಾವು ಓಡಿ ಮುಗಿಸುತ್ತೇವೆಂದು ಹಲವರು ಮುಂದೆ ಬಂದರು. ಟೆರ್ರಿ ಕೃತಜ್ಞತೆಯಿಂದಲೇ ನಿರಾಕರಿಸಿದ. ಗುಣವಾದ ಮೇಲೆ ತಾನೇ ಬಂದು ಮುಗಿಸಬೇಕೆಂಬುದು ಅವನ ಆಸೆ.

ಅವನು ಹಾಸಿಗೆ ಹಿಡಿದಾಗ ದೇಶವೇ ಎಚ್ಚೆತ್ತಿತು. ಒಂದು ವಾರದ ಮೇಲೆ ಟೆಲಿವಿಷನ್ನಿನಲ್ಲಿ ನಡೆಸಿದ ಒಂದೇ ಕಾರ್ಯಕ್ರಮದಲ್ಲಿ 1 ಕೋಟಿ 5 ಲಕ್ಷ ಡಾಲರ್ ಬಂತು. ಅದೇ ತಿಂಗಳು ಕೆನಡಾದ ಅತ್ಯುನ್ನತ ನಾಗರಿಕ ಗೌರವವಾದ ಆರ್ಡರ್ ಆಫ್ ಕೆನಡಾ ಅವನಿಗೆ ಸಂದಿತು. ಆ ಗೌರವದ ಮೇಲಿನ ದರ್ಜೆಯನ್ನು ಪಡೆದವರಲ್ಲಿ ಅವನೇ ಅತ್ಯಂತ ಕಿರಿಯ. 1981ರ ಫೆಬ್ರವರಿ 1ರಂದು ಒಟ್ಟು ಹಣ 2 ಕೋಟಿ 41 ಲಕ್ಷ ಡಾಲರ್ ದಾಟಿತು. ತಲೆಗೊಂದು ಡಾಲರ್ ಎಂಬ ಲೆಕ್ಕ ಅವನ ಕಣ್ಣೆದುರೇ ಪೂರ್ತಿಯಾಯಿತು. ಚಿಕಿತ್ಸೆ ಮಾತ್ರ ಫಲಿಸಲಿಲ್ಲ. 1981ರ ಜೂನ್ 28ರ ಮುಂಜಾನೆ, 23 ತುಂಬಲು ಒಂದು ತಿಂಗಳಿರುವಾಗ, ಮನೆಯವರೆಲ್ಲ ಹತ್ತಿರವಿದ್ದಂತೆ ಟೆರ್ರಿ ಕಣ್ಣು ಮುಚ್ಚಿದ. ಕೆನಡಾದ ಉದ್ದಗಲಕ್ಕೂ ಬಾವುಟಗಳನ್ನು ಅರ್ಧಕ್ಕಿಳಿಸಿದರು. ಅಧಿಕಾರದಲ್ಲಿದ್ದವರಿಗೆ ಸಲ್ಲುವ ಆ ಗೌರವ ರೈಲ್ವೆ ನೌಕರನ ಮಗನೊಬ್ಬನಿಗೆ ಸಂದಿತು.

ಓಟ ಅಲ್ಲಿಗೆ ನಿಲ್ಲಲಿಲ್ಲ. 1981ರ ಸೆಪ್ಟೆಂಬರ್ 13ರಂದು ಮೊದಲ ಟೆರ್ರಿ ಫಾಕ್ಸ್ ಓಟ ನಡೆಯಿತು. ಮೂರು ಲಕ್ಷ ಜನ ಭಾಗವಹಿಸಿ 35 ಲಕ್ಷ ಡಾಲರ್ ಕೊಟ್ಟರು. ಆ ಓಟದ ವಿಶೇಷವೆಂದರೆ ಅದರಲ್ಲಿ ಮೊದಲನೆಯವನಿಲ್ಲ, ಕೊನೆಯವನಿಲ್ಲ, ಬಹುಮಾನವಿಲ್ಲ. ಓಡಬಹುದು, ನಡೆಯಬಹುದು, ಗಾಲಿಕುರ್ಚಿಯಲ್ಲಿ ಬರಬಹುದು. ಕಂಪನಿಗಳ ಜಾಹೀರಾತಿಗೆ ಜಾಗವಿಲ್ಲ. ಎಲ್ಲವನ್ನೂ ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ಇಂದಿಗೂ ಪ್ರತಿ ವರ್ಷ ಹಲವು ದೇಶಗಳಲ್ಲಿ ಇದು ನಡೆಯುತ್ತದೆ. ನಮ್ಮ ಪಕ್ಕದ ಚೆನ್ನೈನಲ್ಲೂ ನಡೆದಿದೆ. ಅವನ ಹೆಸರಿನಲ್ಲಿ ಇಲ್ಲಿಯ ತನಕ 80 ಕೋಟಿ ಡಾಲರಿಗಿಂತ ಹೆಚ್ಚು ಹಣ ಸಂಶೋಧನೆಗೆ ಸೇರಿದೆ. ಅವನು ಓದಿದ ಹೈಸ್ಕೂಲಿಗೆ ಅವನದೇ ಹೆಸರಿಟ್ಟಿದ್ದಾರೆ. ಒಂದು ಪರ್ವತಕ್ಕೂ ಇಟ್ಟಿದ್ದಾರೆ. ಇದಕ್ಕಿಂತ ದೊಡ್ಡ ಸ್ಮಾರಕ ಬೇರೆ ಇದೆ. ಟೆರ್ರಿಗೆ ಬಂದ ಅದೇ ರೋಗ ಇಂದು ಒಬ್ಬ ಹುಡುಗನಿಗೆ ಬಂದರೆ, ಹೆಚ್ಚಿನವರಲ್ಲಿ ಕಾಲನ್ನು ಕತ್ತರಿಸದೆ ಗಡ್ಡೆಯಿದ್ದ ಮೂಳೆಯನ್ನಷ್ಟೇ ತೆಗೆಯುತ್ತಾರೆ. ಬೇರೆ ಕಡೆಗೆ ಹರಡುವ ಮೊದಲು ಗೊತ್ತಾಗಿ ಸರಿಯಾದ ಚಿಕಿತ್ಸೆ ಸಿಕ್ಕಿದರೆ ಹತ್ತರಲ್ಲಿ ಆರೇಳು ಮಂದಿ ಉಳಿಯುತ್ತಾರೆ.

ಇದು ಕೆನಡಾದ ಕಥೆ, ನಮಗೇನು ಎಂದು ಯಾರಾದರೂ ಕೇಳಬಹುದು. ನಮ್ಮ ಕಡೆ ಮನೆಯಲ್ಲಿ ಕ್ಯಾನ್ಸರ್ ಎಂದರೆ ಆ ಪದವನ್ನೇ ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡ ಕಾಯಿಲೆ ಎಂದು ಪಿಸುಗುಟ್ಟುತ್ತೇವೆ. ಮಕ್ಕಳಿಂದ, ನೆಂಟರಿಂದ ಮುಚ್ಚಿಡುತ್ತೇವೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ಅಲ್ಲಿಗೆ ನಮ್ಮ ಮಲೆನಾಡಿನಿಂದ ಹೋಗುವವರು ಹೆಚ್ಚಾಗಿ ರೋಗ ಬಲಿತ ಮೇಲೆಯೇ ಬಸ್ಸು ಹತ್ತುತ್ತಾರೆ. ಇನ್ನೊಂದು ಮಾತು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಅಡಿಕೆ ನಮಗೆ ಅನ್ನ ಕೊಟ್ಟ ಬೆಳೆ. ಈ ಶಾಲೆಯ ಕಟ್ಟಡಕ್ಕೆ ಕೊಟ್ಟ ದೇಣಿಗೆಯಲ್ಲೂ ಅಡಿಕೆಯ ದುಡ್ಡಿದೆ. ಆದರೆ ಹೊಗೆಸೊಪ್ಪು ಸೇರಿಸಿ ಜಗಿಯುವುದು, ಗುಟ್ಕಾ ಹಾಕುವುದು ಬಾಯಿಯ ಕ್ಯಾನ್ಸರಿಗೆ ದಾರಿ ಎಂಬುದರಲ್ಲಿ ಸಂಶಯವಿಲ್ಲ. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರ ಮಕ್ಕಳಾದ ನಾವು ಇದನ್ನು ಕೇಳಿಸಿಕೊಳ್ಳಲೇಬೇಕು. ಎಂಟು ಒಂಬತ್ತನೆಯ ತರಗತಿಯ ಹುಡುಗರ ಜೇಬಿನಿಂದ ನಾನು ಚೀಟು ತೆಗೆಸಿ ಎಸೆದದ್ದಿದೆ. ಬಾಯಲ್ಲಿ ಹುಣ್ಣೋ ಬಿಳಿ ಮಚ್ಚೆಯೋ ಆಗಿ ಎರಡು ಮೂರು ವಾರದಲ್ಲಿ ಮಾಯದಿದ್ದರೆ, ಬಾಯಿ ಪೂರ್ತಿ ತೆರೆಯಲು ಬಾರದಿದ್ದರೆ, ವೈದ್ಯರಿಗೆ ತೋರಿಸುವುದಕ್ಕೆ ನಾಚಿಕೆ ಬೇಡ.

ಸುವರ್ಣ ಮಹೋತ್ಸವದ ಸಮಿತಿಗೆ ನನ್ನದೊಂದು ಕೋರಿಕೆ ಇದೆ. ಕ್ರೀಡಾಕೂಟದಲ್ಲಿ ಕಪ್ಪು, ಪದಕಗಳೆಲ್ಲ ಇರಲಿ. ಜೊತೆಗೆ ಬಹುಮಾನವಿಲ್ಲದ ಒಂದು ಓಟವೂ ಇರಲಿ. ಶಾಲೆಯ ಗೇಟಿನಿಂದ ಹೊರಟು, ಗದ್ದೆಯ ಬದುವಿನ ಮೇಲೆ ಹಾದು, ಕಲ್ಲು ಹಾಸಿದ ದಾರಿಯಲ್ಲಿ ಕವಲೇದುರ್ಗದ ಕೋಟೆಯ ಮೂರು ಸುತ್ತನ್ನೂ ಹತ್ತಿ, ಮೇಲಿನ ದೇವಸ್ಥಾನದ ಅಂಗಳದಲ್ಲಿ ಎಲ್ಲರೂ ಸೇರೋಣ. ಓಡುವವರು ಓಡಲಿ, ನನ್ನಂಥ ಮುದುಕರು ಕೋಲೂರಿಕೊಂಡು ಬರುತ್ತೇವೆ. ಹತ್ತಲಾಗದವರನ್ನು ಹಳೆಯ ವಿದ್ಯಾರ್ಥಿಗಳು ಕೈಹಿಡಿದು ಕರೆತರಲಿ. ತಲೆಗೊಂದು ರೂಪಾಯಿಯಾದರೂ ಡಬ್ಬಿಗೆ ಬೀಳಲಿ. ಅದನ್ನು ನಮ್ಮ ಸುತ್ತಲಿನ ಹಳ್ಳಿಗಳಿಂದ ಚಿಕಿತ್ಸೆಗೆ ಬೆಂಗಳೂರಿಗೆ ಹೋಗುವವರ ಬಸ್ಸಿನ ಖರ್ಚಿಗೆ ಕೊಡೋಣ.

ಅಂಕ ಬರೆಯುತ್ತಿದ್ದ ಆ ನನ್ನ ಗಿಡ್ಡ ಹುಡುಗ ಎಲ್ಲಿದ್ದರೂ ಈ ಸಂಚಿಕೆಯನ್ನು ಓದಿದರೆ ದಯವಿಟ್ಟು ಅಂದು ಬರಬೇಕು. ಸೀಟಿ ಊದಿ ಓಟವನ್ನು ಆರಂಭಿಸುವ ಕೆಲಸ ಅವನದು.

ಐವತ್ತು ತುಂಬಿದ ನಮ್ಮ ಶಾಲೆಗೂ ಇಲ್ಲಿ ಓದಿದ, ಓದುತ್ತಿರುವ ಎಲ್ಲ ಮಕ್ಕಳಿಗೂ ಒಳ್ಳೆಯದಾಗಲಿ.